ಕೂಸುಗಳಿಗೆ ‘ರೀ’ ಅನ್ನುತ್ತಿದ್ದ ಅಕ್ಕ

ನಮ್ಮಕ್ಕ ಹಸುಗೂಸುಗಳಿಗೆ ‘ರೀ’ ಹಚ್ಚಿ ಮಾತಾಡುತ್ತಿದ್ದಳು. ಹುಟ್ಟಿ ಹತ್ತು ದಿನ ಆಗದ ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ‘ಬರ್ರಿ ಸಾಹೇಬ್ರ, ಜಳಕಕ್ಕ ಬರ್ರಿ. ನೀರು ಸುಡತಾವೇನ್ರಿ? ತಡೀರಿ, ತಣ್ಣೀರು ಬೆರಸ್ತೀನಿ, ಸಿಟ್ಟಾಗಬ್ಯಾಡ್ರಿ’ ಅನ್ನುವಳು. ಹೆಣ್ಣು ಕೂಸಾದರೆ ‘ಸಾಹೇಬ್ರ’ ಬದಲಿಗೆ ‘ಬಾಯಾರ’ ಅನ್ನುವಳು. ಅಜ್ಜನಾಗುವ ವಯಸ್ಸಿಗೆ ಬಂದ ನನಗೆ ಮಾತ್ರ ‘ಏನಲೇ’. ಇದ್ಯಾವ ನ್ಯಾಯ ಅಂತ ಒಮ್ಮೆ ಕೇಳಿದ್ದೆ. ‘ಅವರಿನ್ನೂ ಯಾರಿಗೂ ಏನೂ ಮಾಡಿಲ್ಲ, ಅದಕ್ಕ ರೀ. ನೀ ಮಾಡೀದಿ, ಅದಕ್ಕ ಲೇ’ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನಾನಿನ್ನೂ ಅವಳಿಗೆ ಏನೂ ಮಾಡಿರಲಿಲ್ಲ.

ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಕುಷ್ಟಗಿ ಸೀಮೆಯ ಅವಳ ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರೆರೆಯಲು ಅವಳನ್ನೇ ಕರೆಯುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಕಾಲು ಜೋಡಿಸಿ ಕೂತರೆ ಅದೇ ಕೂಸಿಗೆ ತೊಟ್ಟಿಲು. ನೆತ್ತಿಗೆ ಔಡಲ ಎಣ್ಣೆ ಹಾಕಿ, ಅಂಗೈ ಬಟ್ಟಲು ಮಾಡಿ ತಟ್ಟುವಳು. ನೀರಿನ ಬಿಸಿಯನ್ನು ಬೆರಳಿನಿಂದ ನೋಡುತ್ತಿರಲಿಲ್ಲ, ಮೊಣಕೈ ಅದ್ದಿ ನೋಡುವಳು. ‘ಬೆರಳಿಗೆ ಒಲಿ ಹಚ್ಚಿ ಹಚ್ಚಿ ಬುದ್ಧಿ ಹೋಗೇತಿ, ಮೊಣಕೈಗೆ ಇನ್ನೂ ಐತಿ’ ಅನ್ನುವಳು. ಮೂಗು ತೀಡಿ, ಕೈಕಾಲು ಎಳೆದು ಮಡಿಸಿ, ಲೋಬಾನದ ಹೊಗೆ ತೋರಿಸಿ, ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕ ಮಲಗಿಸುವ ಹೊತ್ತಿಗೆ ಕೂಸು ಅರ್ಧ ನಿದ್ದೆಯಲ್ಲಿರುತ್ತಿತ್ತು.

ನಮ್ಮದು ಯಲಬುರ್ಗಾ ಕಡೆಯ ಹಳ್ಳಿ. ಅವ್ವ ಅಪ್ಪ ಕೂಲಿಗೆ ಹೋದರೆ ನಾನು ಅಕ್ಕನ ಸೊಂಟದ ಮೇಲೆ ಇರುತ್ತಿದ್ದೆ. ನನಗಿಂತ ಅವಳು ಆರು ವರ್ಷ ದೊಡ್ಡವಳು, ಅಷ್ಟೆ. ಮನೆಯಲ್ಲಿ ಎಂಟು ಆಡು ಇದ್ದವು. ಅವನ್ನು ಕಾಯಲು ಒಬ್ಬರು ಬೇಕಿತ್ತು, ಸಾಲಿಗೆ ಹೋಗಲು ಒಬ್ಬರಿಗೆ ಅವಕಾಶವಿತ್ತು. ನಾನು ಸಾಲಿಗೆ ಹೋದೆ. ಐದನೆಯ ತರಗತಿಗೆ ನಾನೂ ಬಿಟ್ಟೆ, ಆ ಮಾತು ಬೇರೆ. ಆದರೆ ನನಗೆ ನಾಲ್ಕು ಅಕ್ಷರ ಬಂದವು, ಅಕ್ಕನಿಗೆ ಒಂದೂ ಬರಲಿಲ್ಲ. ಇದನ್ನು ಅವಳು ಯಾವತ್ತೂ ಎತ್ತಿ ಆಡಲಿಲ್ಲ. ಓದಲು ಬರುವುದಿಲ್ಲ ಅನ್ನುವುದು ಅವಳಿಗೆ ಕೊರತೆಯಾಗಿ ಕಂಡಂತೆಯೂ ಇರಲಿಲ್ಲ. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡಿನ ಕಡೆ ತಲೆ ಎತ್ತುತ್ತಲೇ ಇರಲಿಲ್ಲ, ನೇರವಾಗಿ ಡ್ರೈವರನ ಮುಖ ನೋಡಿ ಹತ್ತುವಳು. ಗಂಗಾವತಿಗೆ ಹೋಗುವವನು ದಪ್ಪ ಮೀಸೆಯವನು, ಇಳಕಲ್ಲಿಗೆ ಹೋಗುವವನು ಕನ್ನಡಕದವನು. ‘ಅಜ್ಜಿ, ಇವತ್ತು ಡ್ಯೂಟಿ ಬದಲಾಗೇತಿ, ಈ ಮೀಸಿ ಇಳಕಲ್ಲಿಗೆ ಹೊಂಟೈತಿ’ ಎಂದು ಕಂಡಕ್ಟರ್ ಒಮ್ಮೆ ನಡುದಾರಿಯಲ್ಲಿ ಇಳಿಸಿದ್ದನಂತೆ. ಅದನ್ನು ಅವಳೇ ಹೇಳಿ ನಗುತ್ತಿದ್ದಳು.

ಗಂಡ ಸತ್ತಾಗ ಅವಳ ಮಗ ಶರಣಪ್ಪ ಮೂರನೆಯ ತರಗತಿಯಲ್ಲಿದ್ದ. ಮಗಳು ಇನ್ನೂ ಮೊಲೆ ಬಿಟ್ಟಿರಲಿಲ್ಲ. ನಮ್ಮ ಕಡೆಯ ಒಣಭೂಮಿಯ ಹೆಂಗಸರು ಗುಂಪು ಕಟ್ಟಿಕೊಂಡು ಗಂಗಾವತಿಯ ಕಾಲುವೆ ಸೀಮೆಗೆ ಭತ್ತದ ನಾಟಿಗೆ ಹೋಗುತ್ತಾರೆ. ಅಕ್ಕ ಆ ಗುಂಪು ಸೇರಿದಳು. ಕೆಸರಿನಲ್ಲಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಚುಚ್ಚುವ ಕೆಲಸ. ಗುಂಪಿನಲ್ಲಿ ಎಳೆಯ ಕೂಸುಗಳ ತಾಯಂದಿರು ಇರುತ್ತಿದ್ದರು. ಗದ್ದೆಗೆ ಇಳಿಯುವ ಮೊದಲು ಅಕ್ಕ ಬದುವಿನ ಮೇಲೆ ಕಾಲು ಚಾಚಿ ಕೂತು ಒಂದರ ಹಿಂದೊಂದು ಎಲ್ಲ ಕೂಸುಗಳಿಗೂ ಎರೆದುಬಿಡುವಳು. ‘ಹೊಟ್ಟಿ ತುಂಬಿ ಮೈ ತೊಳದ್ರ ಮಧ್ಯಾಹ್ನದತನಕ ಅಳೂದಿಲ್ಲ. ಅಳಲಿಲ್ಲಂದ್ರ ನಮ್ಮ ಕೈ ನಿಲ್ಲೂದಿಲ್ಲ’ ಅನ್ನುವುದು ಅವಳ ಲೆಕ್ಕ. ಹೀಗೆ ಕಲಿತ ಕೈ ಅದು.

ಆ ಹೊತ್ತಿಗೆ ನಾನೂ ಗಂಗಾವತಿಯಲ್ಲಿ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದೆ. ನಾಟಿ ಮುಗಿದ ಮೇಲೆ ಅಕ್ಕ ನಮ್ಮ ಮನೆಗೆ ಬಂದು ಎರಡು ದಿನ ಇರುವಳು. ನನ್ನ ಮಗಳು ರೇಣುಕಾಗೆ ಎರೆದದ್ದೂ ಅವಳೇ. ಮಕ್ಕಳ, ಮೊಮ್ಮಕ್ಕಳ ಹುಟ್ಟಿದ ತಾರೀಖು ಅವಳಿಗೆ ಗೊತ್ತಿರಲಿಲ್ಲ. ‘ಶೇಂಗಾ ಕೀಳುವಾಗ ಬಂದಾಂವ’, ‘ಸಜ್ಜಿ ತೆನಿ ಹಾಲು ತುಂಬಿದಾಗ ಬಂದಾಕಿ’ ಅನ್ನುವಳು. ಶರಣಪ್ಪನ ಇಬ್ಬರು ಗಂಡುಮಕ್ಕಳ ಮೈಮೇಲಿನ ಮಚ್ಚೆಗಳೆಲ್ಲ ಅವಳಿಗೆ ಬಾಯಿಪಾಠ. ಹಿರಿಯ ಮೊಮ್ಮಗ ಹೈಸ್ಕೂಲಿಗೆ ಬಂದ ಮೇಲೂ, ‘ಇವರ ಬೆನ್ನ ಮ್ಯಾಲೆ ಎಳ್ಳಿನಷ್ಟು ಒಂದು ಐತಿ, ಹೆಂಡ್ತಿ ಬಂದಾಕಿಗೆ ನಾನ ತೋರಿಸಬೇಕು’ ಅಂದು ಅವನನ್ನು ಅಂಗಳದಿಂದ ಓಡಿಸುವಳು. ಸೊಸೆಗೆ ಜ್ವರ ಬಂದರೆ ಮೊಮ್ಮಕ್ಕಳನ್ನು ಎರಡೂ ಪಕ್ಕಕ್ಕೆ ಮಲಗಿಸಿಕೊಂಡು, ಬುತ್ತಿ ಕಟ್ಟಿ, ಸಾಲಿಯ ಬಾಗಿಲತನಕ ಬಿಟ್ಟು, ಗಂಟೆ ಹೊಡೆಯುವವರೆಗೂ ಅಲ್ಲೇ ನಿಲ್ಲುವಳು. ‘ಒಳಗ ಹೋಗ್ಯಾರಲ್ಲಬೇ, ಇನ್ನೇನ ನೋಡ್ತಿ?’ ಅಂತ ಯಾರಾದರೂ ಕೇಳಿದರೆ, ‘ಹೊರಗ ಬಂದ್ರ?’ ಅನ್ನುವಳು.

ಇನ್ನು ನಾನು ಹೇಳಬೇಕಾದದ್ದಕ್ಕೆ ಬರುತ್ತೇನೆ.

ಏಳು ವರ್ಷದ ಹಿಂದೆ ಒಂದು ದಿನ ಅವಳ ಜೊತೆ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಗಂಗಾವತಿ ಬಸ್ಸು ಬಂದು ನಮ್ಮೆದುರೇ ನಿಂತಿತು. ದಪ್ಪ ಮೀಸೆಯ ಡ್ರೈವರೇ ಇದ್ದ. ಅಕ್ಕ ಅವನ ಕಡೆ ಮುಖ ಮಾಡಿಯೇ, ‘ಯಾವ ಬಸ್ಸಲೇ ಇದು?’ ಅಂತ ನನ್ನನ್ನು ಕೇಳಿದಳು. ನನಗೆ ಸಂಶಯ ಬಂತು. ಆದರೂ ಹತ್ತಿಸಿ ಕೂಡಿಸಿದೆ. ಮರುವಾರ ಅವಳ ಮನೆಯಲ್ಲಿ ಉಣ್ಣುವಾಗ ಅನ್ನದಲ್ಲಿ ಕಲ್ಲು ಸಿಕ್ಕಿತು. ಅಕ್ಕ ಹಸನು ಮಾಡಿದ ಅಕ್ಕಿಯಲ್ಲಿ ಕಲ್ಲು! ಶರಣಪ್ಪ, ‘ಏನವ್ವ, ಹಲ್ಲು ಮುರೀಬೇಕಂತ ಮಾಡೀಯೇನು?’ ಅಂತ ಚೇಷ್ಟೆ ಮಾಡಿದ. ಅಕ್ಕ ನಕ್ಕಳು. ನಾನು ಅವಳ ಕಣ್ಣನ್ನು ನೋಡಿದೆ.

ಸಂಜೆ ಹಿತ್ತಿಲಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಾಗ ಕೇಳಿದೆ.

‘ಬಲಗಣ್ಣು ಕಾಣವಲ್ದಲೇ. ಹೊಗಿ ತುಂಬಿದಂಗ ಐತಿ. ಎಡಗಣ್ಣಿಗೆ ಎದುರಿಗಿದ್ದದ್ದು ಕಾಣತೈತಿ, ಬಾಜೂಕಿದ್ದದ್ದು ಕಾಣೂದಿಲ್ಲ.’

‘ಎಷ್ಟು ದಿನ ಆತು?’

‘ಯಾರಿಗೆ ಗೊತ್ತು. ಸುಗ್ಗ್ಯಾಗ ಶುರು ಆಗಿತ್ತೇನೋ. ಶರಣಪ್ಪಗ ಹೇಳಬ್ಯಾಡ. ಹೇಳಿದ್ರ ಕೂಸುಗಳ ಹತ್ರ ಬಿಡೂದಿಲ್ಲ ನನ್ನ.’

ಓದಲು ಬರೆಯಲು ಬರುವವಳಾಗಿದ್ದರೆ ಪುಸ್ತಕ ಹಿಡಿದಾಗಲೋ ಚೀಟಿ ನೋಡುವಾಗಲೋ ಮನೆಯವರಿಗೆ ತಿಳಿದುಬಿಡುತ್ತಿತ್ತು. ಅಕ್ಕ ಏನನ್ನೂ ಓದುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿದ್ದರಿಂದ ಅವಳಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಯಾರೂ ಕೇಳಲಿಲ್ಲ. ಇದು ಪೊರೆಯೇ ಇರಬೇಕು ಅಂದುಕೊಂಡೆ. ನಮ್ಮ ಕಡೆ ಪೊರೆ ಅಂದರೆ ಹಣ್ಣಾಗಬೇಕು, ಹಣ್ಣಾದ ಮೇಲೆ ತೆಗೆಸಬೇಕು, ಅವಸರ ಮಾಡಬಾರದು ಅನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಅಲ್ಲ, ಹಾಗೆ ನಂಬುವುದು ನನಗೂ ಬೇಕಾಗಿತ್ತು.

ಯಾಕೆಂದರೆ ರೇಣುಕಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ನನ್ನ ಹೆಂಡತಿ ತೀರಿ ಮೂರು ವರ್ಷವಾಗಿತ್ತು. ಮನೆಯಲ್ಲಿ ಬೇರೆ ಹೆಣ್ಣು ದಿಕ್ಕಿರಲಿಲ್ಲ. ‘ಅತ್ತಿ ಬಂದ್ರ ಅಷ್ಟ ನಾ ಇಲ್ಲಿ ಇರ್ತೀನಿ ಅಪ್ಪಾ, ಇಲ್ಲಾಂದ್ರ ಗಂಡನ ಮನಿಗೆ ಹೊಳ್ಳಿ ಹೋಗ್ತೀನಿ’ ಅಂದಿದ್ದಳು. ತಾಯಿಯಿಲ್ಲದ ಮಗಳು ಹೆರಿಗೆಗೆ ಗಂಡನ ಮನೆಗೆ ತಿರುಗಿ ಹೋದರೆ ತವರು ಅನ್ನುವುದು ಯಾಕಿರಬೇಕು? ಅಕ್ಕನನ್ನು ಕರೆದುಕೊಂಡು ಬರಲು ಹೊರಟೆ.

ನಾನು ಹೋದ ದಿನವೇ ಅವಳ ಊರಿನ ಸಾಲಿಯಲ್ಲಿ ಕಣ್ಣಿನ ಕ್ಯಾಂಪು ಹಾಕಿದ್ದರು. ಯಾವುದೋ ಊರಿನಿಂದ ಬಂದವರು. ದೋಷವಿದ್ದವರನ್ನು ತಮ್ಮ ಗಾಡಿಯಲ್ಲೇ ದವಾಖಾನೆಗೆ ಕರೆದುಕೊಂಡು ಹೋಗಿ, ನೋಡಿಸಿ, ತಿರುಗಿ ತಂದು ಬಿಡುತ್ತಾರೆ ಅಂತ ಡಂಗುರ ಹೊಡೆಸಿದ್ದರು. ಶರಣಪ್ಪ ಹೊಲಕ್ಕೆ ಹೊರಟಿದ್ದ. ‘ಮಾಂವ, ಹೆಂಗೂ ಬಂದೀರಿ, ಅವ್ವನ್ನ ಒಂದು ಸಲ ತೋರಿಸ್ಕೊಂಡು ಹೋಗ್ರಿ’ ಅಂದ. ಅವನಿಗೆ ಸಂಶಯವೇನೂ ಇರಲಿಲ್ಲ. ಊರವರೆಲ್ಲ ತೋರಿಸುತ್ತಿದ್ದರು, ಅವ್ವನೂ ತೋರಿಸಲಿ ಅಂತ.

ದಾರಿಯಲ್ಲಿ ಅಕ್ಕ, ‘ಹೇಳಿಬಿಡ್ಲೇನಲೇ ಇವತ್ತು?’ ಅಂದಳು.

‘ಹೇಳಿದ್ರ ಇವತ್ತ ಗಾಡಿ ಹತ್ತಸ್ತಾರ. ರೇಣುಕಾಂದು ದಿನ ತುಂಬ್ಯಾವ. ಮೊದಲು ಅದೊಂದು ಆಗ್ಲಿ. ಎರಡು ತಿಂಗಳು ತಡದ್ರ ಏನಾಗತೈತಿ, ಪೊರಿ ಎಲ್ಲಿ ಓಡಿಹೋಗತೈತಿ?’ ಅಂದೆ.

ಅವಳು ಹೂಂ ಅನ್ನಲಿಲ್ಲ.

ಅಕ್ಷರ ಬರದವರಿಗೆ ಅಲ್ಲಿ ಬೇರೆ ಹಲಗೆ ಇತ್ತು. ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು ಸಾಲಾಗಿ ಇದ್ದವು. ಹಲ್ಲು ಮೇಲಿದೆಯೋ ಕೆಳಗಿದೆಯೋ ಆಚೆಯೋ ಈಚೆಯೋ ಅಂತ ಕೈಯಿಂದ ತೋರಿಸಿದರೆ ಸಾಕು. ಬಿಳಿ ಕೋಟಿನ ಹುಡುಗಿಯೊಬ್ಬಳು ಕಡ್ಡಿಯಿಂದ ಮುಟ್ಟಿ ಕೇಳುತ್ತಿದ್ದಳು. ಬಲಗಣ್ಣು ಮುಚ್ಚಿದಾಗ ಅಕ್ಕ ಎಡಗಣ್ಣಿನಿಂದ ಹೇಗೋ ಮೂರು ಸಾಲು ತೋರಿಸಿದಳು. ಆಮೇಲೆ ಎಡಗಣ್ಣು ಮುಚ್ಚಲು ಹೇಳಿದರು. ಅಕ್ಕ ಎಡಗೈಯನ್ನು ಕಣ್ಣಿಗೆ ಒತ್ತಿಕೊಂಡು, ‘ಯವ್ವಾ, ಇದು…’ ಅಂತ ಬಾಯಿ ತೆರೆದಳು.

ನಾನು ಹಿಂದೆ ನಿಂತು ಅವಳ ಬಲ ಮೊಣಕೈ ಹಿಡಿದುಕೊಂಡಿದ್ದೆ. ಅದನ್ನು ಗಟ್ಟಿಯಾಗಿ ಒತ್ತಿದೆ. ಅವಳ ಮಾತು ನಿಂತಿತು. ಹುಡುಗಿ ಕಡ್ಡಿ ಇಟ್ಟಳು. ಹಲ್ಲು ಮೇಲಿದ್ದವು, ಮೊಣಕೈಯನ್ನು ಮೇಲೆತ್ತಿದೆ. ಅಕ್ಕನ ಕೈ ಮೇಲೆ ಹೋಯಿತು. ಕೆಳಗಿದ್ದರೆ ಜಗ್ಗಿದೆ, ಆಚೆ ಇದ್ದರೆ ನೂಕಿದೆ. ಒಂಬತ್ತು ಗುರುತು. ಮುದುಕಿ ಬೀಳಬಾರದೆಂದು ತಮ್ಮ ಹಿಡಿದುಕೊಂಡಿದ್ದಾನೆ ಅಂತ ಆ ಹುಡುಗಿ ತಿಳಿದಳು. ‘ಅಜ್ಜಿ ಕಣ್ಣು ನನಗಿಂತ ಛಲೋ ಅದಾವ ನೋಡ್ರಿ’ ಅಂದು ಚೀಟಿ ಬರೆದುಕೊಟ್ಟಳು. ಸಾಲಿನಲ್ಲಿದ್ದವರು ನಕ್ಕರು. ಸಾಲಿಯ ಗೇಟು ದಾಟಿದ ಮೇಲೆ ಅಕ್ಕ ಒಂದೇ ಮಾತು ಹೇಳಿದಳು, ‘ನಿನ್ನ ಕೈ ಭಾಳ ಬೆವತಿತ್ತಲೇ.’

ಹತ್ತು ದಿನಕ್ಕೆ ರೇಣುಕಾಗೆ ಹೆಣ್ಣು ಕೂಸು ಹುಟ್ಟಿತು. ಅಕ್ಕ ಐದು ತಿಂಗಳು ನಮ್ಮ ಮನೆಯಲ್ಲಿದ್ದಳು. ಬಾಣಂತಿಗೆ ಅಳವಿ ಪಾಯಸ ಕಾಸಿದಳು, ಅಂಟಿನುಂಡೆ ಕಟ್ಟಿದಳು, ಕೂಸಿಗೆ ಒಂದು ದಿನವೂ ತಪ್ಪದೆ ಎರೆದಳು. ಕೂಸಿನ ಒಂದು ಕೂದಲೂ ಕೊಂಕಲಿಲ್ಲ. ಮುಖವನ್ನು ಎಡಗಣ್ಣಿಗೆ ತೀರ ಹತ್ತಿರ ತಂದುಕೊಂಡು, ‘ಬಾಯಾರ, ನೀವು ನಮ್ಮ ತಮ್ಮನ ಮೂಗು ಕದ್ದೀರಿ. ತಿರುಗಿ ಕೊಟ್ಟುಬಿಡ್ರಿ, ನಿಮಗ ಒಪ್ಪೂದಿಲ್ಲ’ ಅನ್ನುವಳು. ರೇಣುಕಾ ಹೊಟ್ಟೆ ಹಿಡಿದುಕೊಂಡು ನಗುವಳು.

ಐದು ತಿಂಗಳಾದ ಮೇಲಾದರೂ ತೋರಿಸಬಹುದಿತ್ತು. ಆಗ ಬಿತ್ತನೆ ಶುರುವಾಯಿತು, ಶರಣಪ್ಪನಿಗೆ ಪುರುಸೊತ್ತಿರಲಿಲ್ಲ. ಆಮೇಲೆ ಅವನ ತಂಗಿಯ ಮನೆಯಲ್ಲಿ ಹೆರಿಗೆ ಬಂತು. ಅಕ್ಕ, ‘ಇನ್ನೂ ಹಣ್ಣಾಗಿಲ್ಲ ಬಿಡು’ ಅನ್ನುವಳು. ನಾನು ಹೂಂ ಅನ್ನುತ್ತಿದ್ದೆ. ಚೀಟಿಯಲ್ಲಿ ಚೆನ್ನಾಗಿದೆ ಅಂತ ಬರೆದಿದ್ದನ್ನು ಈಗ ಹೇಗೆ ತಿರುವುವುದು ಅನ್ನುವ ಅಳುಕು ನನಗೆ. ಹೀಗೆ ಒಂದೂವರೆ ವರ್ಷ ಹೋಯಿತು.

ಒಂದು ಬೆಳಿಗ್ಗೆ ಅಕ್ಕ ತನ್ನ ಮನೆಯ ಬಾಗಿಲಲ್ಲೇ ಕಟ್ಟಿದ್ದ ಎಮ್ಮೆಯ ಕರುವನ್ನು ಎಡವಿ ಬಿದ್ದಳು. ಹಾಡಹಗಲು. ಎತ್ತಲು ಬಂದ ಶರಣಪ್ಪನ ಮುಖವನ್ನು ಎರಡೂ ಕೈಯಿಂದ ತಡವಿ, ‘ನೀನ ಏನೋ?’ ಅಂದಳಂತೆ. ಆಗ ಅವನಿಗೆ ತಿಳಿಯಿತು. ನನಗೆ ಫೋನ್ ಮಾಡಿದ. ಮೂವರೂ ದೊಡ್ಡ ದವಾಖಾನೆಗೆ ಹೋದೆವು.

ಡಾಕ್ಟರು ಪೊರೆಯಲ್ಲ ಅಂದರು. ಕಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಅಂದರು. ‘ಎರಡು ವರ್ಷದ ಹಿಂದೆ ಬಂದಿದ್ದರೆ ಎಡಗಣ್ಣನ್ನು ಉಳಿಸಬಹುದಿತ್ತು. ದಿನಾ ಔಷಧದ ಹನಿ ಹಾಕಿಕೊಂಡಿದ್ದರೆ ಸಾಕಿತ್ತೇನೋ.’

‘ಕ್ಯಾಂಪಿನ್ಯಾಗ ಛಲೋ ಅದಾವ ಅಂತ ಬರದು ಕೊಟ್ಟಿದ್ರಲ್ರಿ ಸರ್! ನಮ್ಮ ಮಾಂವ ಜೋಡಿ ಇದ್ದರು, ಕೇಳ್ರಿ ಬೇಕಾದ್ರ’ ಅಂತ ಶರಣಪ್ಪ ನನ್ನ ಕಡೆ ತಿರುಗಿದ.

ಅಷ್ಟರಲ್ಲಿ ಅಕ್ಕ, ‘ಅವನ್ಯಾಕ ಕೇಳ್ತಿ? ನಾನ ಬೆರಳ ಸಂದಿಲೆ ಎಡಗಣ್ಣೀಲೆ ಕದ್ದು ನೋಡಿದ್ನಿ. ದವಾಖಾನಿಗೆ ಒಯ್ತಾರಂತ ಅಂಜಿಕಿ ಆಗಿತ್ತು’ ಅಂದುಬಿಟ್ಟಳು.

ಶರಣಪ್ಪ ದವಾಖಾನೆ ಅನ್ನುವುದನ್ನೂ ಮರೆತು ಅವಳನ್ನು ಬೈದ. ‘ಹುಚ್ಚೀ ಏನವ್ವ ನೀ? ಸಣ್ಣ ಹುಡುಗರು ಮಾಡೂ ಕೆಲಸ ಮಾಡೀದಿ’ ಅಂದು ಅತ್ತ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಮೊದಲನೆಯ ತಪ್ಪಿಗೆ ತಿಳಿಯದೆ ಮಾಡಿದೆ ಅಂತ ನೆಪ ಹೇಳಬಹುದು. ಇದಕ್ಕೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಶರಣಪ್ಪ ಔಷಧ ತರಲು ಹೋದಾಗ, ‘ಯಾಕ ಹಂಗ ಹೇಳಿದಿ ಅಕ್ಕ?’ ಅಂದೆ.

‘ಅಂವ ನಿನಗ ಬೈದ್ರ ನೀ ನಮ್ಮ ಮನಿಗೆ ಬರೂದು ಬಿಡ್ತಿ. ನನಗ ಬೈದ್ರ ನಾ ಎಲ್ಲಿ ಹೋಗ್ಲಿ? ಅಲ್ಲೇ ಇರ್ತೀನಲ್ಲ’ ಅಂದಳು.

ಆರು ತಿಂಗಳಿಗೆ ಶರಣಪ್ಪನಿಗೆ ಮಗಳು ಹುಟ್ಟಿದಳು. ಇಬ್ಬರು ಗಂಡುಮಕ್ಕಳ ಮೇಲೆ ಎಷ್ಟೋ ವರ್ಷಕ್ಕೆ ಬಂದ ಹೆಣ್ಣು ಕೂಸು. ಸೊಸೆಯ ತಾಯಿ ಕಾಯಿಲೆ ಬಿದ್ದಿದ್ದರಿಂದ ಬಾಣಂತನ ಅಕ್ಕನ ಮನೆಯಲ್ಲೇ ಆಯಿತು. ನಾನು ನೋಡಲು ಹೋಗಿದ್ದೆ. ಅಕ್ಕ ತನ್ನ ಪಾಡಿಗೆ ಒಂದು ಮೂಲೆಯಲ್ಲಿ ಕೂತಿದ್ದಳು, ಕೂಸು ಬೇಕು ಅಂತ ಬಾಯಿಬಿಟ್ಟು ಕೇಳಲಿಲ್ಲ. ಸೊಸೆಯೇ ಮಣೆ ಹಾಕಿ, ಅವಳ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ಕೂಡಿಸಿ, ಕೂಸನ್ನು ಕಾಲ ಮೇಲೆ ಮಲಗಿಸಿದಳು. ‘ನೀವು ಎರೀರಿ ಅತ್ತಿ, ನಾ ನೀರು ಕೊಡ್ತೀನಿ’ ಅಂದಳು. ಆ ಹೆಣ್ಣುಮಗಳಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಅಕ್ಕ ಮೊಣಕೈ ಅದ್ದಿ ನೀರು ನೋಡಿದಳು. ‘ಬರ್ರಿ ಬಾಯಾರ, ತಡ ಮಾಡಿದ್ರಿ’ ಅಂದಳು. ಎಣ್ಣೆಯ ಬೆರಳನ್ನು ಕೂಸಿನ ಹಣೆ, ಹುಬ್ಬು, ಗಲ್ಲದ ಮೇಲೆ ನಿಧಾನವಾಗಿ ಆಡಿಸಿದಳು. ‘ಬಣ್ಣ ಹೆಂಗೈತಿ? ಮಚ್ಚಿ ಎಲ್ಲೆಲ್ಲಿ ಅದಾವ?’ ಅಂತ ಸೊಸೆಯನ್ನು ಕೇಳಿದಳು. ಸೊಸೆ ಒಂದೊಂದನ್ನೂ ಬೆರಳು ಹಿಡಿದು ಮುಟ್ಟಿಸಿದಳು. ಆಮೇಲೆ ಅಕ್ಕ ನಾನು ನಿಂತಿದ್ದ ಬಾಗಿಲ ಕಡೆ ಮುಖ ಮಾಡಿ, ‘ನೀ ನೋಡಿ ಹೇಳಲೇ, ಯಾರಂಗ ಅದಾಳ?’ ಅಂದಳು.

‘ನಿನ್ನಂಗ ಅದಾಳ’ ಅಂದೆ.

‘ಅಯ್ಯ, ಮತ್ತ ಸರಿಯಾಗಿ ನೋಡು. ಹಂಗಾದ್ರ ವರ ಸಿಗೂದು ಕಷ್ಟ ಆಗತೈತಿ’ ಅಂದು ನಕ್ಕಳು. ಸೊಸೆಯೂ ನಕ್ಕಳು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ನನ್ನ ಮೊಮ್ಮಗಳ ಮುಖ ಅವಳು ನೋಡಿದ್ದಳು. ತನ್ನ ಮೊಮ್ಮಗಳ ಮುಖ ನೋಡಲಿಲ್ಲ.

ಮುಂದೆ ಸುಮಾರು ನಾಲ್ಕೂವರೆ ವರ್ಷ ಅಕ್ಕ ಹಾಗೇ ಬಾಳಿದಳು. ಕುರುಡಿ ಅಂತ ಅಳುತ್ತ ಕೂತವಳಲ್ಲ. ಆ ಹುಡುಗಿಯ ತಲೆ ಬಾಚುವುದು, ಜಡೆ ಹಾಕುವುದು, ಉಣಿಸುವುದು ಎಲ್ಲ ಅವಳದೇ. ಗೆಜ್ಜೆಯ ಸದ್ದಿನ ಮೇಲೆ ಹುಡುಗಿ ಎಲ್ಲಿದ್ದಾಳೆ, ಏನು ಕಿತಾಪತಿ ಮಾಡುತ್ತಿದ್ದಾಳೆ ಅಂತ ಹೇಳುತ್ತಿದ್ದಳು. ಹುಡುಗಿ ಗೆಜ್ಜೆ ಬಿಚ್ಚಿಟ್ಟು ಬೆಲ್ಲ ಕದಿಯುವುದನ್ನು ಕಲಿತಾಗ, ‘ಬಾಯಾರು ಶಾಣ್ಯಾ ಆದರು’ ಅಂತ ಓಣಿಗೆಲ್ಲ ಹೇಳಿಕೊಂಡು ಬಂದಳು. ನಾನು ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ಹೋದಾಗಲೆಲ್ಲ ಇವತ್ತು ಶರಣಪ್ಪನಿಗೆ ಹೇಳಬೇಕು ಅಂತ ಹೋಗುತ್ತಿದ್ದೆ. ಅಕ್ಕನಿಗೆ ಅದು ಹೇಗೋ ಗೊತ್ತಾಗುತ್ತಿತ್ತು. ‘ಏನಲೇ, ಉಂಡು ಹೋಗು’ ಅಂದು ಮಾತು ತಿರುವಿಬಿಡುವಳು.

ಶಿವರಾತ್ರಿಯ ಮುಂದಿನ ವಾರ ಅಕ್ಕ ಹೋದಳು. ದಿನದ ಕಾರ್ಯಕ್ಕೆ ಬಂದ ಬೀಗರ ಮುಂದೆ ಶರಣಪ್ಪ, ‘ಅವ್ವನ ಕಣ್ಣು ಹೋದ ಮ್ಯಾಲೆ ನಮ್ಮ ಮಾಂವ ಒಂದು ಹದಿನೈದು ದಿನ ತಪ್ಪಿಸಿಲ್ರಿ. ಇಂಥ ತಮ್ಮ ಯಾರಿಗೂ ಸಿಗೂದಿಲ್ಲ’ ಅಂದ. ಬೀಗರು ತಲೆದೂಗಿದರು. ನಾನು ತಟ್ಟೆಯಲ್ಲಿದ್ದ ಹೋಳಿಗೆಯನ್ನು ಹಾಗೇ ಬಿಟ್ಟು ಕೈ ತೊಳೆಯಲು ಎದ್ದೆ.

ಮೊನ್ನೆ ಭಾನುವಾರ ಹೋಗಿ ಹೇಳಿದೆ. ಶರಣಪ್ಪ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಒಳಗೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಕ್ಯಾಂಪು, ಮೊಣಕೈ, ಒಂಬತ್ತು ಗುರುತು, ದವಾಖಾನೆಯಲ್ಲಿ ಅಕ್ಕ ಹೇಳಿದ ಸುಳ್ಳು, ಒಂದನ್ನೂ ಬಿಡದೆ ಹೇಳಿದೆ. ಹೇಳುತ್ತಿದ್ದಂತೆ ರೊಟ್ಟಿಯ ಸಪ್ಪಳ ನಿಂತಿತು.

ಶರಣಪ್ಪ ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿ ಹೊಸೆದ. ಆಮೇಲೆ, ‘ಆವತ್ತು ಕ್ಯಾಂಪಿಗೆ ಹೋದಾಗ ಎಡಗಣ್ಣಿಗೆ ಎಷ್ಟು ಕಾಣತಿತ್ತು ಅಕಿಗೆ?’ ಅಂತ ಕೇಳಿದ.

‘ಎದುರಿಗೆ ನಿಂತ್ರ ನಿನ್ನ ಮುಖ ಕಾಣತಿತ್ತು’ ಅಂದೆ.

ಅವನ ಕೈಯಲ್ಲಿದ್ದ ಹಗ್ಗ ಬಿಚ್ಚಿಕೊಂಡಿತು. ಅದನ್ನು ಮತ್ತೆ ಹೊಸೆಯಲು ಹೋಗಿ ಬಿಟ್ಟ.

‘ಅವ್ವ ಇದ್ದಾಗ ಹೇಳಿದ್ರ ನಿಮಗ ಬಾಯಿಗೆ ಬಂದಂಗ ಬೈತಿದ್ದೆ ಮಾಂವ’ ಅಂದ. ‘ಅಕಿ ನಡುವ ಬಂದು ಬಿಡಿಸ್ತಿದ್ಲು. ಈಗ ಬೈದ್ರ ಯಾರು ಬಿಡಿಸ್ತಾರ?’

ಅಷ್ಟು ಹೇಳಿ ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ. ನಾನು ಅಂಗಳದಲ್ಲೇ ಕೂತಿದ್ದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ಊಟಕ್ಕೆ ಏಳ್ರಿ ಅಂತ ಯಾರೂ ಕರೆಯಲಿಲ್ಲ.